ಕಾದಂಬರಿಯ ಯಜಮಾನಿ

ಮಾಟುಂಗ
೯-೨-೧೯೭೩

ವತ್ಸಲಾಬಾಯಿಯವರಿಗೆ ನಮಸ್ಕಾರಗಳು.

ನೀವು ಓದಲು ಕೊಟ್ಟ ಅಮೆರಿಕದ ಗುಲಾಮರ ಕಾದಂಬರಿಯ ಬಗ್ಗೆ ಭಾನುವಾರ ಮಹಿಳಾ ಮಂಡಳದಲ್ಲಿ ನಾನು ಮಾತಾಡಲಾರೆ. ದಯವಿಟ್ಟು ಬೇರೆ ಯಾರಿಗಾದರೂ ಹೇಳಿ.

ಭಾಷಣ ಬರೆದಾಗಿತ್ತು. ತನ್ನ ಗಂಡ ಒಬ್ಬ ಗುಲಾಮ ಹೆಂಗಸಿನ ಹಿಂದೆ ಬಿದ್ದಾಗ ಆ ಯಜಮಾನಿ ಅವನಿಗೆ ಒಂದು ಮಾತೂ ಅನ್ನದೆ ಆ ಹೆಂಗಸನ್ನೇ ಮಾರಿಸಿಬಿಡುತ್ತಾಳಲ್ಲ, ಯಜಮಾನಿಯ ಅಧಿಕಾರ ನಡೆಯುವುದು ತನಗಿಂತ ಕೆಳಗಿನವಳ ಮೇಲಷ್ಟೇ ಎಂದು ಖಾರವಾಗಿಯೇ ಬರೆದಿದ್ದೆ.

ನಮ್ಮಲ್ಲಿ ರೊಟ್ಟಿ ಬಡಿಯುತ್ತಿದ್ದ ಕಲ್ಲವ್ವನನ್ನು ನೀವು ನೋಡಿದ್ದೀರಿ. "ರೊಟ್ಟಿ ಅಂದ್ರ ಇದು ನೋಡು" ಎಂದು ನಮ್ಮ ಮನೆಯವರು ದಿನಾ ನನಗೆ ಹೇಳುತ್ತಿದ್ದರು. ಮಂಗಳವಾರ ಸ್ಟೇಷನ್ ಹತ್ತಿರ ಎರಡು ಅಬ್ಬಲಿಗೆ ಹೂವಿನ ಮಾಲೆ ಕೊಂಡು ತಂದರು. ಒಂದನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಅಡುಗೆಮನೆಗೆ ಒಯ್ದು, "ನೀನೂ ಮುಡ್ಕೋ" ಎಂದರು. ಅವಳು ಮುಡಿಯಲಿಲ್ಲ. ಹೆದರಿ ನನ್ನ ಮುಖ ನೋಡಿ, ಅದನ್ನು ದೇವರ ಫೋಟೋಗೆ ಹಾಕಿದಳು.

ನಾನು ಅವರಿಗೆ ಚಹಾ ಕೊಟ್ಟೆ. ಮರುದಿನ ಅವಳಿಗೆ, ನಾಳೆಯಿಂದ ಬರಬೇಡ ಎಂದೆ. "ನಂದೇನ ತಪ್ಪಾತ್ರಿ, ಅಕ್ಕಾರ?" ಎಂದು ಕೇಳಿದಳು. ಬಾಗಿಲು ಹಾಕಿಕೊಂಡೆ.

ಜೋಗೇಶ್ವರಿ ಸ್ಟೇಷನ್ ಎದುರಿನ ಚಾಳದಲ್ಲಿ ಇದ್ದಾಳೆ. ನಿಮ್ಮ ಮನೆಯಲ್ಲಿ ಕೆಲಸ ಕೊಡಿ. ನನ್ನ ರೊಟ್ಟಿಗಿಂತ ಅವಳದು ತೆಳ್ಳಗೆ, ಮೆತ್ತಗೆ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ. ಅವಳನ್ನು ಮರಳಿ ಕರೆಯುವುದು ನನ್ನಿಂದಾಗದು.

ಭಾನುವಾರ ಬರುತ್ತೇನೆ. ಆ ಯಜಮಾನಿಯನ್ನು ಬಯ್ಯುವವರು ಸ್ವಲ್ಪ ಮೆಲ್ಲಗೆ ಬಯ್ಯಲಿ. ನಾನು ಹಿಂದಿನ ಸಾಲಿನಲ್ಲಿ ಕೂತಿರುತ್ತೇನೆ.

ನಿಮ್ಮ
ಗಿರಿಜಾ ಹಂಚಿನಮನಿ