ನಿಮ್ಮ ಮುಖ ಕೆಂಪಾದ ಕಾರಣ

ಪೆರಿಕಲ್ಲೂರು
೧೩ ನವೆಂಬರ್ ೧೯೯೭

ದಾಮೋದರನ್ ಅವರಿಗೆ,

ಗಂಡನ ಹೆಸರು ಹೇಳಬಾರದು ಅಂತ ನಿಮ್ಮ ಮನೆ ತುಂಬಿದ ದಿನದಿಂದ ನಾಲಿಗೆ ಕಚ್ಚಿಕೊಂಡೇ ಇದ್ದೆ. ಇವತ್ತು ಬರೆದೇಬಿಟ್ಟೆ. ಏನೂ ಆಗಲಿಲ್ಲ. ತವರಿಗೆ ಬಂದು ಸೇರಿದ್ದೇನೆ, ಅಮ್ಮ ಆರಾಮವಾಗಿದ್ದಾಳೆ. ನಿಮ್ಮ ಕ್ಷೇಮ ಕೇಳಲು ಮನಸ್ಸಿಲ್ಲ. ಆದರೂ ಡಾಕ್ಟರು ಹೇಳಿದ ದಿನ ಹೋಗಿ ಹೆಚ್ಚಾದ ರಕ್ತ ತೆಗೆಸಿಕೊಳ್ಳಿ, ಅದು ಮಂದವಾಗಿ ಎಲ್ಲಾದರೂ ಹೆಪ್ಪುಗಟ್ಟಿದರೆ ಕಷ್ಟ.

ನಿಮ್ಮ ಮುಖ ಕೆಂಪೇರಿದಾಗ ಅತ್ತೆ ಎಷ್ಟು ಹಿಗ್ಗಿದ್ದರು. ಶುಂಠಿ ವ್ಯಾಪಾರ ಮಗನ ಮೈಗೆ ಹತ್ತಿದೆ ಅಂತ ನಿಮ್ಮ ಕಲ್ಲೂರಿಗೆಲ್ಲ ಹೇಳಿಕೊಂಡು ಬಂದರು. ಆಮೇಲೆ ತಲೆನೋವು, ತಲೆಸುತ್ತು. ಬತ್ತೇರಿ ಆಸ್ಪತ್ರೆಯಲ್ಲಿ ತೋರಿಸಿದರೆ ರಕ್ತದಲ್ಲಿ ಕೆಂಪು ಕಣ ಅಳತೆ ಮೀರಿದೆ, ಕಾರಣ ಹುಡುಕಬೇಕು ಅಂದರು. ಬೀಡಿ ಸೇದುತ್ತಾರಾ, ನಿದ್ದೆಯಲ್ಲಿ ಉಸಿರು ಕಟ್ಟುತ್ತದಾ, ಹೊಗೆ ತುಂಬಿದ ಕೋಣೆಯಲ್ಲಿ ಮಲಗುತ್ತಾರಾ ಅಂತ ನನ್ನನ್ನೇ ಕೇಳಿದರು. ಬೇರೆ ಔಷಧಿ, ಇಂಜೆಕ್ಷನ್ ಏನಾದರೂ ಅಂದಾಗ ನೀವು ತಲೆ ಅಲ್ಲಾಡಿಸಿದಿರಿ. ಇಲ್ಲವೇ ಇಲ್ಲ, ಇವರ ಹೊಟ್ಟೆಗೆ ಏನು ಹೋಗುತ್ತದೆ ಅಂತ ನನಗೆ ಗೊತ್ತಿಲ್ಲವಾ ಅಂತ ನಾನೂ ದನಿಗೂಡಿಸಿದೆ. ಕೋಳಿಕ್ಕೋಡಿಗೆ ಹೋಗಿ ಕಿಡ್ನಿ, ಗುಲ್ಮ ಎಲ್ಲ ಸ್ಕ್ಯಾನ್ ಮಾಡಿಸಿದೆವು. ಮೂಳೆಯೊಳಗಿನ ಮಜ್ಜೆಯದೇ ಕಾಯಿಲೆ ಇರಬಹುದು ಅಂದರು. ಬಸ್ಸು ಘಾಟಿ ಹತ್ತುವಷ್ಟೂ ಹೊತ್ತು ನಾನು ಅಳುತ್ತಿದ್ದೆ, ನೀವು ಕಿಟಕಿಯಾಚೆ ನೋಡುತ್ತಿದ್ದಿರಿ.

ಕೊನೆಗೆ ಪತ್ತೆಮಾಡಿದ್ದು ನರ್ಸ್ ಓಮನ. ಮಜ್ಜೆ ಪರೀಕ್ಷೆಗೆ ಸೂಜಿ ಚುಚ್ಚಲು ನಿಮ್ಮನ್ನು ಮಗ್ಗುಲಾಗಿಸಿದಾಗ ಸೊಂಟದ ಕೆಳಗೆ ಗಂಟುಗಂಟು ಕೈಗೆ ಸಿಕ್ಕಿತು. ಇಷ್ಟೊಂದು ಇಂಜೆಕ್ಷನ್ ಯಾತರದು ಅಂತ ಕೇಳಿ ಡಾಕ್ಟರನ್ನು ಕರೆದಳು. ನೀವು ನನಗೆ ಟೀ ತರಲು ಹೇಳಿದಿರಿ. ನಾನು ಕದಲಲಿಲ್ಲ.

ಗಂಡು ಹಾರ್ಮೋನಿನ ಇಂಜೆಕ್ಷನ್ನಂತೆ. ಶುಂಠಿ ರೇಟು ನೋಡಿಕೊಂಡು ಬರುತ್ತೇನೆ ಅಂತ ತಿಂಗಳು ತಿಂಗಳು ಮೈಸೂರಿಗೆ ಹೋಗುತ್ತಿದ್ದುದು ಇದಕ್ಕಂತೆ. ಮದುವೆಯಾದ ಹೊಸದರಲ್ಲೇ ಪರೀಕ್ಷೆ ಮಾಡಿಸಿಕೊಂಡು, ಮಕ್ಕಳಾಗದ ದೋಷ ನಿಮ್ಮಲ್ಲೇ ಅಂತ ತಿಳಿದು, ಯಾರೋ ಹೇಳಿದ್ದನ್ನು ನಂಬಿ ಚುಚ್ಚಿಸಿಕೊಂಡಿರಿ. ಡಾಕ್ಟರು ಹಣೆ ಒತ್ತಿಕೊಂಡರು. ಕೆಂಪು ಕಣ ಏರಿದ್ದೂ ಇದರಿಂದಲೇ, ಇದ್ದ ಒಂದಿಷ್ಟು ಬೀಜ ಬತ್ತಿದ್ದೂ ಇದರಿಂದಲೇ ಅಂದರು.

ನನ್ನ ಹೊಟ್ಟೆಯೊಳಗೆ ನಳಿಕೆ ಹಾಕಿ ನೋಡಿದ ದಿನ ನೀವು ಹೊರಗೆ ಬೆಂಚಿನ ಮೇಲೆ ಕಿತ್ತಳೆ ಸುಲಿಯುತ್ತಿದ್ದಿರಿ. ನನಗೂ ಎರಡು ತೊಳೆ ಕೊಟ್ಟಿರಿ. ಬಂಜೆಯ ಕೈ ಸೋಕಬಾರದು ಅಂತ ಅತ್ತೆ ಬಿತ್ತನೆ ಭತ್ತದ ಮುಂದಿನಿಂದ ನನ್ನನ್ನು ಎಬ್ಬಿಸಿದಾಗ ನೀವು ಅಲ್ಲೇ ಚೀಲ ಹೊಲಿಯುತ್ತಿದ್ದಿರಿ. ಇದನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಪನಮರದ ಮೀನಾಕ್ಷಿಯನ್ನು ಎರಡನೆಯವಳಾಗಿ ತರಲು ಹೊರಟು, ನನ್ನಿಂದ ಮಕ್ಕಳಾಗುವುದಿಲ್ಲ, ನನ್ನ ಒಪ್ಪಿಗೆ ಇದೆ ಅಂತ ಅವರ ಮನೆಗೆ ಹೋಗಿ ನನ್ನ ಬಾಯಲ್ಲೇ ಹೇಳಿಸಿದಿರಲ್ಲ. ಅದು ನನಗೆ ಅರಗುತ್ತಿಲ್ಲ.

ಒಂದು ಮಾತು ನನ್ನ ಹತ್ತಿರ ಹೇಳಿದ್ದರೆ, ತಪ್ಪು ನನ್ನದೇ ಅಂತ ಊರಿಗೆಲ್ಲ ಸಾರಿ ನಿಮ್ಮ ಮಾನ ಕಾಯುತ್ತಿದ್ದೆ. ಅಷ್ಟು ಪ್ರೀತಿ ಇತ್ತು. ನೀವು ಕೇಳದೆಯೇ ನನ್ನಿಂದ ಮಾನ ಕಾಯಿಸಿಕೊಂಡಿರಿ.

ಭಾನುವಾರ ನಿಶ್ಚಯಕ್ಕೆ ಹೊರಡುವ ಮುಂಚೆ ಆ ಹುಡುಗಿಯ ಮನೆಯವರಿಗೆ ನಿಜ ಹೇಳಿ. ಅಲ್ಲಿಯವರೆಗೆ ನಾನು ಸುಮ್ಮನಿರುತ್ತೇನೆ.

ಇಂತಿ,
ಶ್ಯಾಮಳ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಮೀನಾಕ್ಷಿ ತಾಯಿಯ ಜೊತೆ ಬಂದಳು, ನಿಶ್ಚಯಕ್ಕೆ ಮುಂಚೆ ಅಕ್ಕನ ಆಶೀರ್ವಾದ ಬೇಕು ಅಂತ. ಕಾಲಿಗೆ ಬಗ್ಗಿದವಳನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡೆ. ಸುಮ್ಮನಿರಲು ಆಗಲಿಲ್ಲ, ಎಲ್ಲಾ ಹೇಳಿದೆ. ಭಾನುವಾರ ನೀವು ಪನಮರಕ್ಕೆ ಹೋಗಬೇಕಾಗಿಲ್ಲ. ಯಾಕೆ ಅಂತ ಅತ್ತೆ ಕೇಳುತ್ತಾರೆ. ಅವರಿಗೆ ನೀವೇ ಹೇಳಿ.