ಚಹಾ ಕುಡಿಯದೆ ಕೊಡಬೇಡಿ

ಬೆಟಗೇರಿ, ಫೆಬ್ರುವರಿ 30, 2204

ನೆರೆಮನೆ ನಿಧಿಯ ಸದಸ್ಯರಿಗೆ, ನಿಮ್ಮ ನಿಧಿಯ ಈಗಿನ ಅಧ್ಯಕ್ಷೆ ನೀಲವ್ವ ಹೊಂಬಳ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಪಂಚಾಂಗದಲ್ಲಿ ಫೆಬ್ರುವರಿಗೂ ಮೂವತ್ತು ದಿನ ಸಿಕ್ಕಿವೆ. ಪಾಪ, ಅದೆಷ್ಟು ಕಾಲದಿಂದ ಕೊರತೆಯಲ್ಲೇ ಸಂಸಾರ ನಡೆಸುತ್ತಿತ್ತು, ಯಾರೋ ಕೊನೆಗೆ ಅದಕ್ಕೂ ಅನುದಾನ ಕೊಟ್ಟರು ಎಂದುಕೊಳ್ಳಿ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕನ್ನಡದಲ್ಲೇ ಬರೆಯಲು ಹೆಣಗಿದ್ದೇನೆ, ಆದರೂ ಅಲ್ಲಲ್ಲಿ ನಮ್ಮ ಕಾಲದ ಪದಗಳು ನುಸುಳುತ್ತವೆ. ಈ ಪತ್ರ ಬರುವುದು ಹಿಂದಂಚೆಯಲ್ಲಿ. ಮುಂದಿನವರು ಹಿಂದಿನವರಿಗೆ ಬರೆಯುವ ಅಂಚೆ ಅದು. ಒಬ್ಬರಿಗೆ ಜನ್ಮದಲ್ಲಿ ಒಂದೇ ಪತ್ರ ಹಾಕಲು ಅವಕಾಶ. ನನ್ನ ತಂಗಿ ತನ್ನದನ್ನು ಮುತ್ತಜ್ಜಿಯಿಂದ ಹೋಳಿಗೆಯ ಅಳತೆ ಕೇಳಲು ಖರ್ಚು ಮಾಡಿದಳು. ಉತ್ತರ ಬರುವ ಏರ್ಪಾಡಿಲ್ಲ ಎಂದು ಅವಳಿಗೆ ಆಮೇಲೆ ನೆನಪಾಯಿತು. ನಾನು ನನ್ನದನ್ನು ನಿಮಗಾಗಿ ಇಟ್ಟುಕೊಂಡಿದ್ದೆ.

ಮೊದಲು ನಿಧಿಯ ಕ್ಷೇಮಸಮಾಚಾರ. ಹನ್ನೊಂದು ಮನೆಗಳಿಂದ ನೀವು ಆರಂಭಿಸಿದ ನಿಧಿ ಈಗ ನಲವತ್ತು ಊರುಗಳಿಗೆ ಹಂಚುತ್ತದೆ. ಯುಗಾದಿಯ ವಾರದಲ್ಲಿ ಪ್ರತಿ ಮನೆಯವರೂ ತಮ್ಮ ಒಂದು ದಿನದ ದುಡಿಮೆಯನ್ನು ತಂದು ಹಾಕುತ್ತಾರೆ. ಮೂಲಧನವನ್ನು ಯಾರೂ ಮುಟ್ಟಿಲ್ಲ, ಎರಡು ಸಲ ಊರಿಗೆ ನೀರು ನುಗ್ಗಿದಾಗಲೂ ಮುಟ್ಟಲಿಲ್ಲ. ವರ್ಷದ ಲೆಕ್ಕವನ್ನು ಬಿಸಿಲುರಜೆ ಮುಗಿದ ಮೇಲೆ ಬೀದಿಯಲ್ಲೇ ಗಟ್ಟಿಯಾಗಿ ಓದುತ್ತೇವೆ. ಬಿಸಿಲುರಜೆ ಎಂದರೆ ಬೇಸಿಗೆಯಲ್ಲಿ ಮಧ್ಯಾಹ್ನವಿಡೀ ಯಾರೂ ಹೊರಗೆ ಕಾಲಿಡದ ಹೊತ್ತು. ಓದುವಾಗ ಯಾರು ಬೇಕಾದರೂ ‘ತಡೀರಿ’ ಎನ್ನಬಹುದು. ಎಂದರೆ ಮುಗಿಯಿತು, ಅವರಿಗೆ ಅರ್ಥವಾಗುವವರೆಗೆ ಮುಂದಿನ ಸಾಲು ಓದುವಂತಿಲ್ಲ. ಹೋದ ವರ್ಷ ಒಬ್ಬಾಕೆ ಕಸಬರಿಗೆಯ ಖರ್ಚಿನ ಹತ್ತಿರ ನಮ್ಮನ್ನು ತಡೆದಳು ನೋಡಿ, ದೀಪ ಹಚ್ಚುವ ಹೊತ್ತಾಯಿತು. ನನಗೆ ಸಿಟ್ಟು ಬಂದಿದ್ದು ನಿಜ, ಹೆಮ್ಮೆಯಾಗಿದ್ದೂ ನಿಜ.

ಆದರೆ ನಾನು ಬರೆಯಲು ಕೂತದ್ದು ನಿಮ್ಮ ಚಹಾದ ನಿಯಮದ ಬಗ್ಗೆ. ಆ ಕಥೆ ನಮ್ಮ ಮಕ್ಕಳಿಗೂ ಬಾಯಿಪಾಠ. ಮೊದಲ ವರ್ಷ ನೀವು ಬರೀ ಅರ್ಜಿ ನೋಡಿ, ಹಿಟ್ಟು ರುಬ್ಬಿ ಮಾರುವ ಒಬ್ಬ ಹೆಣ್ಣುಮಗಳಿಗೆ ಗ್ರೈಂಡರ್ ಕೊಟ್ಟಿರಿ. ಮೂರು ತಿಂಗಳ ಮೇಲೆ ಫೋಟೋ ತೆಗೆಯಲು ಹೋದರೆ ಗ್ರೈಂಡರಿನ ಮೇಲೆ ಕೊಡಪಾನ ಕೂತಿತ್ತು, ಏಕೆಂದರೆ ಆ ಮನೆಗೆ ಕರೆಂಟೇ ಇರಲಿಲ್ಲ. ಆಗ ನಿಮ್ಮ ಜುಬೇದಾ ನದಾಫ ಅವರು ಹಣೆ ಹಣೆ ಬಡಿದುಕೊಂಡು, “ಅಯ್ಯ ನಮ್ಮವ್ವಾ, ಒಂದ್ ಕಪ್ ಚಾ ಕುಡದು ಬಂದಿದ್ರ ಇದು ಅವತ್ತ ತಿಳೀತಿತ್ತಲ್ರೀ!” ಎಂದರಂತೆ. ಅಂದಿನಿಂದ, ಕೇಳಿದವರ ಮನೆಯಲ್ಲಿ ಕೂತು ಚಹಾ ಕುಡಿಯದೆ ಒಂದು ಪೈಸೆಯನ್ನೂ ಕೊಡಬಾರದು ಎಂದು ಬರೆದಿರಿ. ಎಂಥ ಸರಳ ಮಾತು! ಇಷ್ಟು ವರ್ಷವಾದರೂ ಅದಕ್ಕಿಂತ ಒಳ್ಳೆಯ ನಿಯಮ ನಮಗೆ ಹೊಳೆದಿಲ್ಲ.

ಈಗ ಚಹಾಪುಡಿ ದುಬಾರಿ. ಬೆಟ್ಟಗಳು ಕಾದು ತೋಟಗಳು ಕಡಿಮೆಯಾದವು. ಕೇಳುವವರಿಗೆ ಭಾರವಾಗಬಾರದೆಂದು ಪುಡಿಯನ್ನು ನಾವೇ ಪೊಟ್ಟಣ ಕಟ್ಟಿಕೊಂಡು ಹೋಗುತ್ತೇವೆ. ನೀರು, ಬೆಲ್ಲ ಮನೆಯವರದು. ಇದನ್ನು ಚಾಸುತ್ತು ಎನ್ನುತ್ತೇವೆ. ನಿಧಿಗೆ ಬರುವ ನೂರು ರೂಪಾಯಿಯಲ್ಲಿ ಎಪ್ಪತ್ತು ಅನುದಾನಕ್ಕೆ, ಹನ್ನೆರಡು ಮೂಲಧನಕ್ಕೆ, ಉಳಿದ ಹದಿನೆಂಟು ಈ ಚಾಸುತ್ತಿಗೇ ಹೋಗುತ್ತದೆ. ಹದಿನೆಂಟು! ಇದೇ ಕೆಲಸವನ್ನು ಎಣಿಕೆಯಣ್ಣ ಒಂದು ರೂಪಾಯಿಗೆ ಮಾಡಿಕೊಡುತ್ತಾನೆ. ಎಣಿಕೆಯಣ್ಣ ಎಂದರೆ ಅರ್ಜಿ ಓದಿ ತೀರ್ಪು ಕೊಡುವ ಯಂತ್ರ. ಬಹಳ ಸಭ್ಯ, ಯಾರ ಮನೆಗೂ ಹೋಗುವುದಿಲ್ಲ. ಹಾಗಾಗಿ ಚಹಾದ ನಿಯಮ ತೆಗೆದುಹಾಕಬೇಕೆಂಬ ಸೂಚನೆ ನಾಳೆ ನಮ್ಮ ಸಭೆಯ ಮುಂದೆ ಬರಲಿದೆ. ಒಂಬತ್ತು ಜನ ಸದಸ್ಯರಲ್ಲಿ ನಾಲ್ವರು ತೆಗೆಯಿರಿ ಎನ್ನುತ್ತಾರೆ, ನಾನೂ ಸೇರಿ ನಾಲ್ವರು ಬೇಡ ಎನ್ನುತ್ತೇವೆ. ಒಂಬತ್ತನೆಯವಳು ನಮ್ಮ ಖಜಾಂಚಿ ಸರ್ವಮಂಗಳಾ ಕಲಾದಗಿ. ಆ ಹದಿನೆಂಟರ ಲೆಕ್ಕ ತೆಗೆದವಳು ಅವಳೇ. ಲೆಕ್ಕ ಸರಿಯಾಗಿದೆ ಎನ್ನುವುದೇ ನನ್ನ ಸಂಕಟ. ಅವಳು ಇನ್ನೂ ಬಾಯಿ ಬಿಟ್ಟಿಲ್ಲ.

ಹೋದ ತಿಂಗಳು ಅವಳನ್ನು ನಾನೇ ಒತ್ತಾಯ ಮಾಡಿ ಒಂದು ಚಾಸುತ್ತಿಗೆ ಎಳೆದುಕೊಂಡು ಹೋದೆ. ನೇಕಾರ ಗುರುಲಿಂಗಪ್ಪ ತಡಸದ ಅವರು ಮಗ್ಗದ ಮೇಲೆ ಹಾಕಲು ಪ್ರಖರವಾದ ನಾಲ್ಕು ದೀಪ ಬೇಕೆಂದು ಕೇಳಿದ್ದರು. ಎಣಿಕೆಯಣ್ಣ ಆಗಲೇ ‘ಯೋಗ್ಯ’ ಎಂದಾಗಿತ್ತು. ನಾವು ಕೂತೆವು, ಚಹಾ ಬಂತು. ಗುರುಲಿಂಗಪ್ಪನವರು ಹಿರಿಯರು, ತಾವೇ ಬಗ್ಗಿಸಿ ಕೊಡುತ್ತೇನೆಂದು ಹಟ ಹಿಡಿದರು. ಚಹಾ ಕಪ್ಪಿನ ಪಕ್ಕದಲ್ಲಿ ಚಾಪೆಯ ಮೇಲೆ ಬಿತ್ತು. ಅವರು ಬಗ್ಗಿಸುತ್ತಲೇ ಇದ್ದರು. ಅವರ ಹೆಂಡತಿ ಸೆರಗಿನಿಂದ ಚಾಪೆ ಒರೆಸುತ್ತಾ ಅಳಲಾರಂಭಿಸಿದರು: “ಹೇಳಿದ್ರ ಮಗ್ಗದಿಂದ ಎಬ್ಬಸ್ತಾರಂತ ಹೆದರಿ ಮುಚ್ಚಿಟ್ಟಾರ್ರೀ ಅಕ್ಕಾರ, ನನ್ನ ಕಡೆನೂ ಆಣಿ ಹಾಕಿಸ್ಯಾರ.” ಬೇಕಾಗಿದ್ದದ್ದು ದೀಪವಲ್ಲ, ಕಣ್ಣಿನ ಚಿಕಿತ್ಸೆ. ಅದಕ್ಕೇ ಕೊಟ್ಟೆವು. ಈಗ ಒಂದು ಕಣ್ಣು ಚೆನ್ನಾಗಿ ಕಾಣುತ್ತದಂತೆ, ಇನ್ನೊಂದಕ್ಕೆ ಸ್ವಲ್ಪ ಕಾಲ ಬೇಕು. ದೀಪಗಳನ್ನಷ್ಟೇ ಕೊಟ್ಟಿದ್ದರೆ ಅವರು ಝಗಮಗ ಬೆಳಕಿನಲ್ಲಿ ಕೂತು ಕುರುಡಾಗುತ್ತಿದ್ದರು. ಅಂದು ವಾಪಸು ಬರುವಾಗ ಸರ್ವಮಂಗಳಾ ಚಹಾಪುಡಿಯ ಖಾಲಿ ಪೊಟ್ಟಣವನ್ನು ಮಡಿಸಿ ತನ್ನ ಲೆಕ್ಕದ ಪುಸ್ತಕದೊಳಗೆ ಇಟ್ಟುಕೊಂಡಳು.

ಇನ್ನು ನನ್ನ ಬೇಡಿಕೆ. ಈ ಯುಗಾದಿಗೆ ನಡೆಯುವ ನಿಮ್ಮ ಸಭೆಯಲ್ಲೂ ಇದೇ ಜಗಳ ಇದೆ ಎಂದು ನಮಗೆ ಗೊತ್ತು. ಆಟೋದ ಬಾಡಿಗೆ ಏರಿದೆ, ಅರ್ಜಿಗಳು ಹೆಚ್ಚಾಗಿವೆ, ಫೋನಿನಲ್ಲೇ ಅರ್ಜಿ ಹಾಕಲಿ ಬಿಡಿ ಎಂದು ನಿಮ್ಮಲ್ಲೂ ಕೆಲವರು ಹೇಳುತ್ತಿದ್ದೀರಿ. ಅವರು ಕೆಟ್ಟವರಲ್ಲ, ದಣಿದವರು. ನಮಗೆ ತಿಳಿದಿರುವುದು ಇಷ್ಟೇ: ನಿಮ್ಮ ಆ ಸಭೆಯಲ್ಲಿ ಒಂದೇ ಒಂದು ಕೈ ಹೆಚ್ಚಾಗಿ ನಿಯಮ ಉಳಿಯಿತು. ಆ ಕೈ ಯಾರದು ಎಂದು ಯಾರೂ ಬರೆದಿಟ್ಟಿಲ್ಲ. ಹೇಗೂ ಉಳಿಯಿತಲ್ಲ, ಮತ್ತೇಕೆ ಪತ್ರ ಎಂದು ಕೇಳುತ್ತೀರೇನೋ. ಈ ಪತ್ರ ಓದಿಯೇ ಆ ಕೈ ಮೇಲೆದ್ದಿದ್ದರೆ ಏನು ಗತಿ? ಸುಮ್ಮನಿದ್ದು ನೋಡುವಷ್ಟು ಎದೆಗಾರಿಕೆ ನನಗಿಲ್ಲ.

ಆದ್ದರಿಂದ, ತಾಯಿ, ಅಥವಾ ತಂದೆ, ನೀವು ಯಾರೇ ಆಗಿರಿ, ಅಂದು ಮಡಿಲಲ್ಲಿ ಕೈ ಕಟ್ಟಿ ಅನುಮಾನಿಸುತ್ತಾ ಕೂರುವವರು ನೀವೇ. ಬಿಸಿಲಲ್ಲಿ ಓಣಿ ಓಣಿ ತಿರುಗಿ ನಿಮ್ಮ ಮೊಣಕಾಲು ನೋಯುತ್ತಿದೆ, ನನಗೆ ಗೊತ್ತು, ನನ್ನವೂ ನೋಯುತ್ತವೆ. ಆದರೂ ಕೈ ಎತ್ತಿ. ನೀವು ಎತ್ತಿದ್ದರಿಂದ ನಲವತ್ತು ಊರಿನ ಜನ ತಮ್ಮ ಮನೆಯೊಳಗೆ ಒಬ್ಬರು ಬಂದು ಕೂರುವುದನ್ನು ಕಂಡಿದ್ದಾರೆ. ನಿಮ್ಮ ಹೆಸರು ಗೊತ್ತಿಲ್ಲದಿದ್ದರೂ ನಾನು ನಿಮ್ಮನ್ನು ತುಂಬಾ ಪ್ರೀತಿಸುತ್ತೇನೆ.

ಇಲ್ಲಿಗೆ ಮುಗಿಸಬೇಕೆಂದಿದ್ದೆ. ಈಗಷ್ಟೇ ಸರ್ವಮಂಗಳಾ ಬಂದು ಬಾಗಿಲಲ್ಲಿ ನಿಂತಳು. ನಾಳೆ ಸಭೆಯಾದ ಮೇಲೆ ನಾನು ಕುಂಬಾರ ಓಣಿಯ ಒಂದು ಮನೆಗೆ ಹೋಗಬೇಕಿದೆ. ನಿಯಮ ಬಿದ್ದರೂ ಹೋಗುತ್ತೇನೆ, ನೀರಿಡಲು ಹೇಳಿಯಾಗಿದೆ. ಮತದ ಮಾತು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತಾ ಇಷ್ಟು ಹೇಳಿ ಹೋದಳು:

“ನಾಳಿನ ಮನಿಗೆ ಚಾಪುಡಿ ನಾನ ತರ್ತೀನ್ರೀ ಅಕ್ಕಾರ. ನೀವು ಕಟ್ಟಬ್ಯಾಡ್ರಿ.”