ಲಕ್ಕಿ ತಪ್ಪಲ

ಯಡೂರು, ೧೯೯೪

ಶಹಜಾದಬಿ,

ನಿನ್ನ ಮಗಳು ಬೇಗಂಬಿ ಹೆಣ್ಣು ಕೂಸು ಹೆತ್ತಿದ್ದಾಳೆ. ನೀನು ತೀರಿಕೊಂಡ ಮೇಲೆ ಆ ಮನೆಯಲ್ಲಿ ಬಾಣಂತಿಗೆ ಎರೆಯುವ ಹೆಂಗಸರೇ ಇಲ್ಲ. ಅದಕ್ಕೆ ಇವತ್ತು ನಾನೇ ಹೋದೆ. ಕೆಮ್ಮಿಗೆ ಆಡುಸೋಗೆ, ನೆಗಡಿಗೆ ತುಂಬೆ, ಎಲ್ಲ ಗಿಡಗಳನ್ನೂ ನನಗೆ ತೋರಿಸಿಕೊಟ್ಟವಳು ನೀನು. ಹೊಳೆದಂಡೆಯ ಲಕ್ಕಿ ಗಿಡದ ಎಲೆ, ಅದೇ ತಪ್ಪಲ ತಂದು, ನೀನು ಕಲಿಸಿದಂತೆ ನೀರು ಹಸಿರಾಗುವವರೆಗೆ ಕುದಿಸಿ, ಅವಳ ನಡು, ಬೆನ್ನಿಗೆಲ್ಲ ಬಿಸಿಬಿಸಿಯಾಗಿ ಎರೆದೆ.

"ಮಾವಶಿ, ನಾ ಸಣ್ಣಾಕಿ ಇದ್ದಾಗ ಅಮ್ಮಾ ದಿನಾ ನಿಮ್ಮ ಮನಿಗೆ ಬರ್ತಿದ್ಲು. ಆಮ್ಯಾಲೆ ಯಾಕ ಬಿಟ್ಲು?" ಎಂದು ಕೇಳಿದಳು.

ನಾನು ಭರಮುವನ್ನು ಹೆತ್ತಾಗ ನೀನು ಇದೇ ತಪ್ಪಲದ ಹೊರೆ ಹೊತ್ತು ಬಂದಿದ್ದೆ. "ನಿನ್ನ ಕೈಯಾಂದು ನಮ್ಮ ಬಾಣಂತಿಗೆ ಬ್ಯಾಡ" ಎಂದು ನಮ್ಮ ಅತ್ತೆ ಅದನ್ನು ಅಂಗಳಕ್ಕೆ ಎಸೆದರು. ನೀನು ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದೆ. ನಾನು ಕೂಸಿಗೆ ಹಾಲೂಡಿಸುವ ನೆವದಲ್ಲಿ ಗೋಡೆಯ ಕಡೆಗೆ ಹೊರಳಿದೆ.

ಬೇಗಂಬಿಗೆ ಹೇಳಬೇಕೆಂದು ಬಾಯಿ ತೆರೆದೆ. "ಕೆಲಸ ಹೆಚ್ಚಾತವ್ವಾ, ಇಬ್ಬರಿಗೂ ಪುರಸೊತ್ತ ಸಿಗಲಿಲ್ಲ" ಎಂದೆ.

ಅವಳು ನಂಬಿದಳು. ನನ್ನ ಒದ್ದೆ ಕೈಯನ್ನು ಎದೆಗೊತ್ತಿಕೊಂಡು, "ನಾಳೆನೂ ನೀವ ಬರ್ರಿ, ಮಾವಶಿ" ಎಂದಳು.

ರಾಮವ್ವ